ಏಳನೇ ಮೂಲೆಯಲ್ಲಿ ಸಾರಿದ್ದು

ನಮ್ಮ ಊರಿನಲ್ಲಿ ನಾಯಿಗಳು ರಸ್ತೆಯ ಎಡಬದಿಯಲ್ಲೇ ನಡೆಯುತ್ತವೆ. ಹಸು, ಎಮ್ಮೆ, ಕತ್ತೆ, ಕೋಳಿಗಳೂ ಹಾಗೆಯೇ. ಮನುಷ್ಯರು ಮಾತ್ರ ತೋಚಿದ ಕಡೆ ನಡೆಯುತ್ತಾರೆ. ಆ ನಿಯಮವನ್ನು ಪುರಸಭೆಯವರು ಮಾಡಿದ್ದು ಮನುಷ್ಯರಿಗಾಗಿಯೇ. ಸಾರಿದವನು ನಾನು. ಆಗ ನನ್ನ ಮೀಸೆ ಕಪ್ಪಗಿತ್ತು, ತಮಟೆಯೂ ಹೊಸದಿತ್ತು. ಏಳನೇ ಮೂಲೆಯಲ್ಲಿ ಸಾರಿ ಮುಗಿಸಿ ತಿರುಗಿ ನೋಡಿದರೆ, ರಸ್ತೆಯ ನಡುವೆ ಮಲಗಿದ್ದ ಹೋರಿ ಎದ್ದು, ಮೈ ಕೊಡವಿ, ಎಡಕ್ಕೆ ಹೋಗಿ ಮಲಗಿತು. ಅದೇ ಹೊತ್ತಿಗೆ ಅಂದಿನ ಅಧ್ಯಕ್ಷರು ಬಲಬದಿಯಲ್ಲಿ ಸೈಕಲ್ಲು ತುಳಿದುಕೊಂಡು ಹೋದರು.

ನನ್ನ ಹೆಸರು ಮರಿಯಯ್ಯ. ಪುರಸಭೆಯಲ್ಲಿ ಡಂಗುರ ಸಾರುವ ಕೆಲಸ. ನಮ್ಮಪ್ಪನದೂ ಅದೇ ಆಗಿತ್ತು. ಶಾಲೆಗೆ ಎರಡು ವರ್ಷ ಹೋಗಿದ್ದೆ; ಅಕ್ಷರ ಕೂಡಿಸಿ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಓದಿದ್ದು ಮರೆತಿರುತ್ತದೆ. ಆದ್ದರಿಂದ ಆಫೀಸಿನವರು ಯಾರಾದರೂ ನಿಯಮವನ್ನು ಮೂರು ಸಲ ಓದಿ ಹೇಳುತ್ತಾರೆ. ಕಿವಿಯಿಂದ ಒಳಗೆ ಹೋದದ್ದು ಮಾತ್ರ ನನ್ನಿಂದ ಹೋಗುವುದಿಲ್ಲ. ಪುರಸಭೆ ಕಟ್ಟೆಯಿಂದ ಶುರು ಮಾಡಿ ಸಂತೆ ಮೂಲೆಯವರೆಗೆ ಏಳು ಮೂಲೆಗಳಲ್ಲಿ ನಿಂತು ಸಾರಬೇಕು, ನಡೆದೇ ಹೋಗಬೇಕು. ಏಳನೆಯದು ಮುಗಿದ ಮೇಲೆಯೇ ಅದು ನಿಯಮ. ನಮ್ಮಪ್ಪ ತಮಟೆ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದ. ಸಾರುವವನು ತನ್ನದೊಂದು ಮಾತು ಸೇರಿಸಬಾರದು, ಸಭೆಯವರದೊಂದು ಮಾತು ಬಿಡಬಾರದು, ಅವರ ವಿಚಾರದಲ್ಲಿ ಬಾಯಿ ಹಾಕಬಾರದು. ನಾನು ಹಾಗೆಯೇ ನಡೆದುಕೊಂಡು ಬಂದೆ.

ಪ್ರಾಣಿಗಳು ಹೀಗೆ ಕೇಳುವುದರಿಂದ ನಮ್ಮ ಸದಸ್ಯರು ಮಾತನ್ನು ಅಳೆದು ಸುರಿದು ನಿಯಮ ಮಾಡುವುದನ್ನು ಕಲಿತಿದ್ದರು. ಪೆಟ್ಟು ತಿಂದೇ ಕಲಿತದ್ದು. ಚಾವಣಿಯ ಅಂಚಿಗೆ ಯಾರೂ ಹೋಗಬಾರದು ಅಂತ ಒಮ್ಮೆ ಮಾಡಿದರು, ಗಾಳಿಪಟದ ಮಕ್ಕಳು ಬೀಳುತ್ತಾರೆ ಅಂತ. ಮಕ್ಕಳು ಹೋಗುವುದನ್ನು ಬಿಡಲಿಲ್ಲ. ಊರಿನ ಬೆಕ್ಕುಗಳೆಲ್ಲ ಇಳಿದು ಬಂದವು, ಅಟ್ಟದ ತುಂಬ ಇಲಿಯಾಯಿತು, ಮೂರು ತಿಂಗಳಿಗೆ ತಿದ್ದಿದರು. ರಾತ್ರಿ ಎಂಟರ ಮೇಲೆ ಗದ್ದಲ ಕೂಡದು ಅಂದಾಗ ನಾಯಿಗಳು ಬೊಗಳುವುದನ್ನು ನಿಲ್ಲಿಸಿ, ಕಳ್ಳರಿಗೆ ಸುಗ್ಗಿಯಾಯಿತು. ಅದನ್ನೂ ತಿದ್ದಿದರು. ಒಳ್ಳೆಯದೂ ಆಗಿದೆ. ಕಚ್ಚಬಾರದು ಅನ್ನುವುದು ನಮ್ಮಪ್ಪ ಸಾರಿದ್ದು. ಅಲ್ಲಿಂದ ಇಲ್ಲಿಯವರೆಗೆ ಯಾರನ್ನೂ ನಾಯಿ ಕಚ್ಚಿಲ್ಲ. ರಸ್ತೆ ದಾಟುವ ಮೊದಲು ನಿಂತು ಎರಡೂ ಕಡೆ ನೋಡಬೇಕು ಅನ್ನುವುದು ನಾನು ಸಾರಿದ್ದು. ನಮ್ಮ ನಾಯಿಗಳು ನಿಂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಕತ್ತು ತಿರುಗಿಸಿ ದಾಟುವುದನ್ನು ನೋಡಿ ಹೊರಗಿನಿಂದ ಬಂದ ಲಾರಿಯವರು ಗಾಡಿ ನಿಲ್ಲಿಸಿಬಿಡುತ್ತಾರೆ.

ತಿದ್ದಲಾಗದ ತಪ್ಪು ಒಂದೇ ಒಂದು ಆಗಿತ್ತು. ನಾನು ಚಿಕ್ಕವನಿದ್ದಾಗ, ಊರೊಳಗೆ ಕೋತಿಗಳು ಇರಬಾರದು ಅಂತ ಮಾಡಿದರು. ಅವು ಸೇತುವೆ ದಾಟಿ ಹೋದವು. ಆಮೇಲೆ ಊರಿಗೆ ಏನೋ ಬೇಸರ ಹತ್ತಿ ನಿಯಮ ಹಿಂದಕ್ಕೆ ತೆಗೆದುಕೊಂಡರು. ನಮ್ಮಪ್ಪ ಏಳು ಮೂಲೆಯಲ್ಲೂ ಗಂಟಲು ಹರಿಯುವ ಹಾಗೆ ಸಾರಿದ. ಕೇಳಿಸಿಕೊಳ್ಳುವುದಕ್ಕೆ ಕೋತಿಗಳು ಊರಲ್ಲಿ ಇದ್ದರೆ ತಾನೆ? ಅವು ಬರಲೇ ಇಲ್ಲ.

ಈಗ ಹೇಳುತ್ತಿರುವುದು ಹೋದ ವರ್ಷದ ಮಾತು. ಹೊಸ ಮುಖ್ಯಾಧಿಕಾರಿ ಫಣಿರಾಜ ಅಂತ ಬಂದರು. ಚಿಕ್ಕ ಪ್ರಾಯ, ಕೆಲಸದಲ್ಲಿ ಚುರುಕು, ದೂರದ ಊರಿನವರು. ಪ್ರಾಣಿಗಳ ವಿಷಯ ಹೇಳಿದರೆ ನಕ್ಕುಬಿಟ್ಟರು. ನನ್ನ ಮಂಡಿ ನೋವು ನೋಡಿ ಕನಿಕರಪಟ್ಟು ಆಟೋಗೆ ಮೈಕು ಕಟ್ಟಿಸಿ, ಕಸ ಬೀದಿಗೆ ಎಸೆಯಬಾರದು ಅಂತ ಊರೆಲ್ಲ ಕೂಗಿಸಿದರು. ಒಂದು ಎಮ್ಮೆಯೂ ಕಿವಿ ಆಡಿಸಲಿಲ್ಲ. "ನೋಡಿದ್ರಾ ತಾತ, ಎಲ್ಲಾ ಸುಮ್ನೆ ಕಥೆ" ಅಂದರು. ಆಟೋ ಸಾರಿದ್ದು ನಡೆದು ಸಾರಿದ ಹಾಗಲ್ಲ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಅವರೇ ಹದಿಮೂರು ನಿಯಮಗಳ ಒಂದು ಅಚ್ಚಾದ ಕಂತೆ ತಂದು ಸಭೆಯ ಮುಂದಿಟ್ಟರು. ಸುರಕ್ಷತೆಯದು, ಸಾಕುಪ್ರಾಣಿಗಳದು. ಎಲ್ಲ ಊರುಗಳಲ್ಲೂ ಇರುವುದೇ ಅಂದರು. ಮೊದಲನೆಯದು, ತೆರೆದ ಬಾವಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿಸಬೇಕು. ಹಿಂದಿನ ಮಳೆಗಾಲದಲ್ಲಿ ದರ್ಜಿ ಬೀದಿಯ ಹುಡುಗಿಯೊಬ್ಬಳು ಬಾವಿಗೆ ಬಿದ್ದು, ಬದುಕಿದರೂ ಕಾಲು ಕುಂಟಾಗಿತ್ತು. ಆದ್ದರಿಂದ ಎಲ್ಲರೂ ಮೇಜು ತಟ್ಟಿದರು. ಮಿಠಾಯಿ ಅಂಗಡಿಯ ಒಲೆ ಬೀದಿಗೆ ಚಾಚಬಾರದು, ಟಾಕೀಸಿನಲ್ಲಿ ಮರಳಿನ ಬಕೆಟ್ಟು ಇರಬೇಕು, ಹೀಗೆ ಸಾಗಿತು. ಊಟದ ಹೊತ್ತಾಗಿತ್ತು. ಕೈಯಲ್ಲಿ ಬರೆದದ್ದಾಗಿದ್ದರೆ ಒಂದೊಂದು ಮಾತಿಗೂ ಜಗಳ ಆಡುತ್ತಿದ್ದ ಜನ, ಅಚ್ಚಾಗಿ ಬಂದದ್ದನ್ನು ಯಾರೋ ಯೋಚನೆ ಮಾಡಿಯೇ ಇರುತ್ತಾರೆ ಅಂದುಕೊಂಡು, ಒಟ್ಟಿಗೆ ಹದಿಮೂರಕ್ಕೂ ಕೈ ಎತ್ತಿದರು.

ಮೂರು ಸಲ ಓದಿ ಹೇಳಿದಾಗ ನಾನು ಕೇಳಿಸಿಕೊಂಡೆ. ಹನ್ನೊಂದನೆಯದು ಹೀಗಿತ್ತು: ಮಾಲೀಕರ ಹೆಸರು ರಿಜಿಸ್ಟರಿನಲ್ಲಿ ಇಲ್ಲದ ಯಾವುದೇ ನಾಯಿ, ಬೆಕ್ಕು ಪುರಸಭೆಯ ಗಡಿಯೊಳಗೆ ಇರತಕ್ಕದ್ದಲ್ಲ. ಹನ್ನೆರಡನೆಯದು: ಮಾಲೀಕರು ತಮ್ಮ ಪ್ರಾಣಿಯನ್ನು ತಮ್ಮ ಮನೆಯ ಆವರಣದಲ್ಲೇ ಇಟ್ಟುಕೊಳ್ಳತಕ್ಕದ್ದು. ನಮ್ಮ ಊರಿನಲ್ಲಿ ನಾಯಿಗೆ ಮಾಲೀಕರು ಅಂತ ಯಾರೂ ಇಲ್ಲ. ನಾಯಿ ಬೀದಿಗೆ ಸೇರಿದ್ದು.

ನಮ್ಮ ಪುರಿಭಟ್ಟಿ ಬೀದಿಯ ನಾಯಿ ಬೂದ. ಬೂದಿ ಬಣ್ಣ, ಒಂದು ಕಿವಿ ಮಡಿಸಿಕೊಂಡಿರುತ್ತದೆ. ಬೆಳಗ್ಗೆ ದ್ಯಾವೀರಮ್ಮನ ಜೊತೆ ಭಟ್ಟಿಗೆ ಹೋಗುತ್ತದೆ. ಪುರಿ ಹುರಿಯುವ ಬೆಂಕಿಗೆ ಅವಳ ಕಣ್ಣು ಮಂಜಾಗಿದೆ, ಬೂದನ ಬೆನ್ನಿನ ಮೇಲೆ ಬೆರಳಿಟ್ಟುಕೊಂಡು ನಡೆಯುತ್ತಾಳೆ. ಹತ್ತು ಗಂಟೆಗೆ ಮಕ್ಕಳನ್ನು ಶಾಲೆಯ ಗೇಟಿನವರೆಗೆ ಬಿಡುತ್ತದೆ. ಮಧ್ಯಾಹ್ನ ಬಾಬಾಜಾನನ ಸೈಕಲ್ ಅಂಗಡಿಯ ನೆರಳು. ಸಂಜೆ ನನ್ನ ಹೆಂಡತಿ ಸಣ್ಣಮ್ಮ ಹಾಕುವ ಮುದ್ದೆಯ ಚೂರು. ಹದಿನಾಲ್ಕು ಮನೆಯ ಅನ್ನ ತಿಂದ ನಾಯಿ ಅದು.

ಅಧ್ಯಕ್ಷೆ ಜಯಶೀಲಮ್ಮನವರಿಗೆ ಸಂಜೆ ಹೊಳೆಯಿತು. ಓಡಿಬಂದು, "ಸಾರ್, ಹನ್ನೊಂದನೇದು ತಿದ್ಬೇಕು, ಊರು ಖಾಲಿಯಾಗ್ಬಿಡುತ್ತೆ" ಅಂದರು. ಫಣಿರಾಜರು ಸಮಾಧಾನವಾಗಿಯೇ ಹೇಳಿದರು, "ಮೇಡಂ, ಇನ್ನೂ ಜಾರಿಗೇ ಬಂದಿಲ್ಲ. ಜಾರಿಗೆ ಬಾರದ್ದನ್ನ ತಿದ್ದೋದು ಹೇಗೆ? ಹದಿನೈದು ದಿನ ಟೈಮಿದೆ, ರಿಜಿಸ್ಟರ್ ಇಟ್ಟಿದೀನಿ, ಬಂದು ಹೆಸರು ಬರೆಸಲಿ." ಅದೂ ಸರಿಯೆಂದು ತೋರಿತು. ಮನೆಮನೆಗೂ ಹೇಳಿ ಕಳಿಸಿದರು. ಎಲ್ಲರೂ ಆಗಲಿ ಆಗಲಿ ಅಂದರು.

ಆದದ್ದೇನೆಂದರೆ, ಪ್ರತಿಯೊಂದು ಬೀದಿಯವರೂ ತಮ್ಮ ನಾಯಿಯನ್ನು ಪಕ್ಕದ ಮನೆಯವರು ಬರೆಸಿರುತ್ತಾರೆ ಅಂದುಕೊಂಡರು. ಕೆಲವರಿಗೆ ನಾಚಿಕೆ. ಬೀದಿಯವರೆಲ್ಲ ಅನ್ನ ಹಾಕಿದ ನಾಯಿಯನ್ನು ನಮ್ಮದು ಅಂತ ಬರೆಸಿಕೊಂಡರೆ ಜನ ಏನು ಅಂದುಕೊಂಡಾರು? "ನೀವಾದ್ರೂ ಬರೆಸ್ಬಾರ್ದಾ" ಅಂತ ಸಣ್ಣಮ್ಮ ದಿನಾ ಅನ್ನುತ್ತಿದ್ದಳು. "ಸಾರೋನು ನಾನು. ಸಾರೋದಕ್ಕೆ ಮುಂಚೆ ನಂದು ಅಂತ ಹೋಗಿ ನಿಲ್ಲೋಕಾಗುತ್ತಾ?" ಅನ್ನುತ್ತಿದ್ದೆ. "ಹೂಂ, ನಿಮ್ಮಪ್ಪ ಹೇಳಿದ್ದ. ನಿಮ್ಮಪ್ಪನೂ ಬೂದನಿಗೆ ಅನ್ನ ಹಾಕ್ತಾನಾ?" ನಾನೂ ಒಳಗೊಳಗೆ ದ್ಯಾವೀರಮ್ಮ ಬರೆಸಿರುತ್ತಾಳೆ ಅಂದುಕೊಂಡಿದ್ದೆ. ಅವಳು ನಾವು ಬರೆಸಿರುತ್ತೇವೆ ಅಂದುಕೊಂಡಿದ್ದಳು.

ಹದಿನಾರನೆಯ ದಿನ ಬೆಳಗ್ಗೆ ರಿಜಿಸ್ಟರಿನಲ್ಲಿ ಒಂಬತ್ತು ನಾಯಿ, ಎರಡು ಬೆಕ್ಕು ಇದ್ದವು. ತಮಟೆ ತೆಗೆದುಕೊಂಡು ಹೊರಟಾಗ ಸಣ್ಣಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಗಂಟಲು ಕಟ್ಟಿದೆ ಅನ್ನಿ. ಇಷ್ಟು ವರ್ಷದಲ್ಲಿ ಒಂದಿನ ಗಂಟಲು ಕಟ್ಟಬಾರ್ದಾ?" ಅಂದಳು. ನನಗೂ ಆಸೆಯಾಯಿತು. ಆದರೆ ಬಾವಿಯ ಜಾಲರಿ ಅದೇ ಕಾಗದದಲ್ಲಿತ್ತು. ಆ ಹುಡುಗಿ ಕುಂಟಿಕೊಂಡು ಶಾಲೆಗೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ಒಂದು ನಿಯಮ ನುಂಗಿದರೆ ಹದಿಮೂರನ್ನೂ ನುಂಗಿದ ಹಾಗೆ. ಇವತ್ತು ನನ್ನ ಮನಸ್ಸಿಗೆ ಬಂದದ್ದನ್ನು ಬಿಟ್ಟರೆ ನಾಳೆ ಸಾರಿದ್ದನ್ನು ಯಾರು ನಂಬುತ್ತಾರೆ? ಅವಳನ್ನು ದಾಟಿಕೊಂಡು ಹೋದೆ.

ಮೊದಲನೇ ಮೂಲೆಯಲ್ಲಿ ಸಾರಿದೆ. ಎರಡನೆಯದಕ್ಕೆ ಹೋಗುವಾಗ ಹಿಂದೆ ಸದ್ದು ಕೇಳಿಸಿ ನೋಡಿದರೆ, ನಾಯಿಗಳು ಎಡಬದಿಯಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದವು. ಹಿಂದೆ ಯಾವತ್ತೂ ಹೀಗೆ ಬಂದಿರಲಿಲ್ಲ. ಐದನೇ ಮೂಲೆಯ ಹೊತ್ತಿಗೆ ಬೆಕ್ಕುಗಳೂ ಸೇರಿಕೊಂಡವು. ಏಳನೆಯದರಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಒಂದು ಮಾತೂ ಬಿಡಲಿಲ್ಲ. ಹದಿಮೂರು ಮುಗಿಸಿ ತಮಟೆಗೆ ಕೊನೆಯ ಏಟು ಹಾಕಿದೆ. ಕೂತು ಕೇಳುತ್ತಿದ್ದ ಅವೆಲ್ಲ ಎದ್ದವು. ಅಲ್ಲಿಂದ ಸೇತುವೆಗೆ ನೇರ ದಾರಿ. ಯಾವುದೂ ಬೊಗಳಲಿಲ್ಲ, ಓಡಲಿಲ್ಲ. ನನ್ನನ್ನು ದಾಟಿ ಹೋಗುವಾಗ ಬೂದ ಒಂದು ಸಲ ನನ್ನ ಅಂಗೈ ಮೂಸಿ ಹೋಯಿತು.

ಆಗ ಊರು ಬಾಗಿಲಿಗೆ ಬಂದಿತು. "ಅಯ್ಯೋ, ನೀವು ಬರೆಸಿಲ್ವಾ?" "ನೀವು ಬರೆಸಿಲ್ವಾ?" ಅನ್ನುವ ಮಾತೇ ಎಲ್ಲ ಕಡೆ. ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ರಸ್ತೆ ತುಂಬ ಓಡಿದರು. ಫಣಿರಾಜರು ಸಂತೆ ಮೂಲೆಯಲ್ಲಿ ನಿಂತಿದ್ದರು. ಅವರ ಮುಖ ಸುಣ್ಣದ ಹಾಗಾಗಿತ್ತು. ಜಯಶೀಲಮ್ಮ ಅವರ ತೋಳು ಹಿಡಿದು, "ನೋಡ್ತಾ ನಿಲ್ಬೇಡಿ ಸಾರ್, ರಿಜಿಸ್ಟರ್ ತನ್ನಿ" ಅಂದರು. ಅವರು ಚಪ್ಪಲಿ ಬಿಟ್ಟು ಓಡಿದರು, ರಿಜಿಸ್ಟರ್ ತಂದು ಸೇತುವೆಯ ತಡೆಗೋಡೆಯ ಮೇಲೆ ಕೂತು ಬರೆಯತೊಡಗಿದರು.

ನಮ್ಮನ್ನು ಕಾಪಾಡಿದ್ದು ಹಳೆಯ ನಿಯಮ. ಸೇತುವೆಯ ಬುಡದಲ್ಲಿ ಲಾರಿ ರಸ್ತೆ ಅಡ್ಡ ಬರುತ್ತದೆ. ದಾಟುವ ಮೊದಲು ಪ್ರತಿಯೊಂದು ನಾಯಿಯೂ ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಆಮೇಲೆ ಕಾಲಿಡುತ್ತಿತ್ತು. ಹಿಂದಿನದು ಮುಂದಿನದಕ್ಕೆ ಕಾಯುತ್ತಿತ್ತು. ಅಷ್ಟು ಹೊತ್ತು ಸಿಕ್ಕಿದ್ದಕ್ಕೆ ಜನ ಕೂಗಿ ಹೆಸರು ಹೇಳಿದರು, ಫಣಿರಾಜರು ಗೀಚಿದರು. ಹೆಸರು ಬಿದ್ದ ನಾಯಿ ಸಾಲು ಬಿಟ್ಟು ತಿರುಗಿ, ಬರೆಸಿದವರ ಮನೆಗೇ ಹೋಗಿ ಕೂರುತ್ತಿತ್ತು. ಬೆಕ್ಕುಗಳಿಗೆ ಒಂದು ಹೆಸರೇ ಇರಲಿಲ್ಲ, "ಬಿಳೀದು, ಬಾಲ ಕಪ್ಪು" ಅಂತ ಬರೆಸಿದರು. ಎಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಮೂರು ಬೆಕ್ಕು, ಬಸ್‌ಸ್ಟ್ಯಾಂಡಿನ ಕುಂಟು ನಾಯಿ ನಾವು ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದವು. ಅವಕ್ಕಾಗಿ ಈಗಲೂ ಆ ರಸ್ತೆ ನೋಡುತ್ತೇನೆ.

ಕೊನೆಗೆ ಉಳಿದದ್ದು ಬೂದ. "ಇದು ಯಾರದು?" ಅಂದರು ಫಣಿರಾಜರು. ಹದಿನಾಲ್ಕು ಮನೆಯವರೂ ಒಟ್ಟಿಗೆ "ನಮ್ದು" ಅಂದರು. "ಒಂದೇ ಹೆಸರು ಹೇಳಿ, ಮಾಲೀಕರ ಕಡೆ ಒಂದೇ ಗೆರೆ ಇರೋದು." ಬಾಬಾಜಾನ್ ಸಣ್ಣಮ್ಮನ ಹೆಸರು ಹೇಳಿದ. ಸಣ್ಣಮ್ಮನೇ ತಡೆದಳು. "ನನ್ನ ಹೆಸರು ಬರೆದ್ರೆ ಅದು ನಮ್ಮ ಹಟ್ಟಿ ಬಿಟ್ಟು ಆಚೆಗೆ ಬರಲ್ಲಪ್ಪಾ. ಬೆಳಗ್ಗೆ ದ್ಯಾವೀರಕ್ಕನ್ನ ಯಾರು ಕರ್ಕೊಂಡು ಹೋಗ್ತಾರೆ?" ಹಾಗಾದರೆ ದ್ಯಾವೀರಮ್ಮನ ಹೆಸರು ಅಂದರು. ಅವಳು, "ಬ್ಯಾಡ. ಮಕ್ಕಳನ್ನ ಶಾಲೆಗೆ ಬಿಡೋರ್ಯಾರು? ನನಗೊಬ್ಬಳಿಗೆ ಅಂತ ಅದನ್ನ ಕಟ್ಟಿಹಾಕಿಸ್ಕೊಳ್ಳಾ?" ಅಂದಳು. ಒಬ್ಬರಿಗೆ ಬರೆದರೆ ಹದಿಮೂರು ಮನೆಗೆ ಇಲ್ಲ. ಮಾತು ಬೆಳೆಯಿತು. ಬೂದ ಅಷ್ಟರಲ್ಲಿ ನಿಂತು, ಎರಡೂ ಕಡೆ ನೋಡಿ, ದಾಟಿತು. ಸೇತುವೆಯ ಆಚೆ ಗಡಿಕಲ್ಲು. ಅದನ್ನೂ ದಾಟಿ, ಕಲ್ಲಿನಿಂದ ಒಂದು ಮಾರು ಆಚೆ, ಊರಿನ ಕಡೆ ಮುಖ ಮಾಡಿ ಕೂತಿತು.

ದ್ಯಾವೀರಮ್ಮ ತಡೆಗೋಡೆ ಹಿಡಿದುಕೊಂಡು, ಕಾಲಿನಲ್ಲಿ ತಡವಿಕೊಂಡು ಹೋಗಿ, ಗಡಿಕಲ್ಲಿನ ಆಚೆ ಬೂದನ ಪಕ್ಕ ಕೂತಳು. ಮಡಿಲಿನಿಂದ ಪುರಿ ತೆಗೆದು ಅದರ ಮುಂದೆ ಹಾಕಿದಳು. "ನೀವು ಜಗಳ ಮುಗಿಸ್ಕೊಳ್ಳಿ. ಪುರಿ ಇರೋಗಂಟ ಇದನ್ನ ಹಿಡ್ಕೊಂಡಿರ್ತೀನಿ" ಅಂದಳು. ಮಡಿಲಿನಲ್ಲಿ ಎಷ್ಟು ಪುರಿ ಇದ್ದೀತು?

ಆಗ ನಾನು ಬಾಯಿ ಬಿಟ್ಟೆ. ಸಭೆಯ ವಿಚಾರದಲ್ಲಿ ನನ್ನದೊಂದು ಮಾತು ಆಡಿದ್ದು ಅದೇ ಮೊದಲು. "ಸಾರ್, ಗೆರೆ ಒಂದೇ ಇದ್ರೆ ಇರಲಿ. ಅದರ ಮೇಲೆ ಬೀದಿ ಹೆಸರು ಬರೀರಿ. ಬೀದಿನೇ ಅದರ ಮನೆ ಅನ್ನಿ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ದನಿ ಡಂಗುರವಿಲ್ಲದೆ ಹೇಗಿರುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಫಣಿರಾಜರು, "ಬೀದಿ ಹೇಗೆ ಮಾಲೀಕ ಆಗುತ್ತೆ ತಾತ? ನಿಯಮದಲ್ಲಿ ಇಲ್ವಲ್ಲ" ಅಂದರು. ಮೊದಲಿನ ನಗು ಇರಲಿಲ್ಲ, ದಾರಿ ಕೇಳುವ ದನಿ ಇತ್ತು. ಜಯಶೀಲಮ್ಮ ಸುತ್ತ ನೋಡಿ, ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸಿದರು. "ಹನ್ನೊಂದು ಜನ ಸದಸ್ಯರು ಇಲ್ಲೇ ಇದೀವಿ. ಇದೇ ಸಭೆ. ನಿಯಮ ಜಾರಿಗೆ ಬಂದಾಯ್ತಲ್ಲ ಸಾರ್, ಈಗ ತಿದ್ದಬಹುದಲ್ಲ?" ಅಂದರು. ಹನ್ನೊಂದು ಕೈ ಎದ್ದವು. ಸದಸ್ಯರಲ್ಲದವರ ಕೈಯೂ ಎದ್ದವು, ಅವನ್ನು ಇಳಿಸುವುದಕ್ಕೆ ಯಾರೂ ಹೋಗಲಿಲ್ಲ.

ಈ ಸಲ ಒಂದೊಂದು ಮಾತಿಗೂ ನಿಂತು ಯೋಚಿಸಿದರು. ಫಣಿರಾಜರು ಬರೆದು, ಹೊಡೆದು, ಮತ್ತೆ ಬರೆದು, ಮೂರು ಸಲ ನನಗೆ ಓದಿದರು. ಮಾಲೀಕರ ಕಡೆ ಬೀದಿಯ ಹೆಸರನ್ನೂ ಬರೆಸಬಹುದು. ಹಾಗೆ ಬರೆಸಿದ ಪ್ರಾಣಿಗೆ ಊರೇ ಆವರಣ. ಆಮೇಲೆ ಬೂದನ ಮುಂದೆ ಪುರಿಭಟ್ಟಿ ಬೀದಿ ಅಂತ ಬರೆದರು. ಇನ್ನು ಏಳು ಮೂಲೆ ಸಾರಬೇಕು. ಸಂತೆ ಮೂಲೆಯ ತಮಟೆ ಗಡಿಕಲ್ಲಿನ ಹತ್ತಿರದವರೆಗೆ ಕೇಳಿಸುತ್ತದೆ, ಅದರಾಚೆಗೆ ಇಲ್ಲ. ಬೂದ ಎದ್ದು ನಾಲ್ಕು ಹೆಜ್ಜೆ ಹೋದರೆ ಕೋತಿಗಳ ಕಥೆಯೇ.

ಬಾಬಾಜಾನ್ ಸೈಕಲ್ಲು ತಂದು, "ಹತ್ತು ಚಾಚಾ, ಕ್ಯಾರಿಯರ್ ಮೇಲೆ ಕೂರು" ಅಂದ. ನಡೆದೇ ಸಾರಬೇಕು ಅಂದೆ. ಬೆಳಗ್ಗೆ ಒಂದು ಸುತ್ತು ಹಾಕಿದ ಮಂಡಿ ಎರಡನೇ ಸುತ್ತಿಗೆ ಒಪ್ಪಲಿಲ್ಲ. ಎರಡನೇ ಮೂಲೆಯಲ್ಲಿ ಫಣಿರಾಜರು ಏನೂ ಹೇಳದೆ ನನ್ನ ಹೆಗಲಿನಿಂದ ತಮಟೆ ಇಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. ಮೂಲೆ ಬಂದಾಗ ಕೊಡುವುದು, ಸಾರಿದ ಮೇಲೆ ತೆಗೆದುಕೊಳ್ಳುವುದು. ಬರಿಗಾಲಿನಲ್ಲೇ ಇದ್ದರು. ನಾಲ್ಕನೇ ಮೂಲೆಯಲ್ಲಿ, "ತಾತ, ಅದು ಕೂತಿರುತ್ತಾ?" ಅಂತ ಕೇಳಿದರು. "ದ್ಯಾವೀರಮ್ಮ ಕೂತಿರ್ತಾಳೆ" ಅಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಏಳನೇ ಮೂಲೆಯಲ್ಲಿ ಸಾರಿ, ಕೊನೆಯ ಏಟು ಹಾಕಿ, ತಮಟೆಯ ಮೇಲೆ ಅಂಗೈ ಇಟ್ಟು ನಿಂತೆ. ಇಳಿಜಾರಿನ ತುದಿಯಲ್ಲಿ ಸೇತುವೆಯ ಕಡೆ ದೂಳು, ಬಿಸಿಲು. ಏನೂ ಕಾಣಿಸಲಿಲ್ಲ. ಆಮೇಲೆ ಜನ ಕಂಡರು. ಮಕ್ಕಳು, ಹೆಂಗಸರು, ಸದಸ್ಯರು, ಎಲ್ಲರೂ ರಸ್ತೆಯ ನಡುವೆ, ಬಲಕ್ಕೆ, ಎಡಕ್ಕೆ ಅಡ್ಡಾದಿಡ್ಡಿ ಓಡಿಕೊಂಡು ಬರುತ್ತಿದ್ದರು. ಅವರ ಹಿಂದೆ, ಯಾವ ಅವಸರವೂ ಇಲ್ಲದೆ, ಎಡಬದಿಯಲ್ಲಿ ಬೂದ. ಅದರ ಬೆನ್ನಿನ ಮೇಲೆ ಎರಡು ಬೆರಳು ಇಟ್ಟುಕೊಂಡು ದ್ಯಾವೀರಮ್ಮ. ಅವಳ ಮಡಿಲು ಖಾಲಿಯಾಗಿ ಸೆರಗು ಗಾಳಿಗೆ ಹಾರುತ್ತಿತ್ತು.

ಮಾರನೆಯ ದಿನದಿಂದ ಬರೆಸಿದವರೆಲ್ಲ ಬಂದು ತಮ್ಮ ಹೆಸರು ಹೊಡೆಸಿ ಬೀದಿಯ ಹೆಸರು ಹಾಕಿಸಿದರು. ತಿಂಗಳೊಳಗೆ ಬಾವಿಗಳಿಗೆ ಜಾಲರಿ ಬಂತು. ಆದರೆ ನನಗೆ ನೆನಪಿರುವುದು ಆ ಗಳಿಗೆ. ಸಂತೆ ಮೂಲೆಗೆ ಬಂದಾಗ ಬೂದ ನಿಂತಿತು, ದ್ಯಾವೀರಮ್ಮನೂ ನಿಂತಳು. ಅದು ಬಲಕ್ಕೆ ನೋಡಿತು, ಎಡಕ್ಕೆ ನೋಡಿತು. ರಸ್ತೆಯ ನಟ್ಟನಡುವೆ ಫಣಿರಾಜರು ನನ್ನ ತಮಟೆ ಹೊತ್ತು ನಿಂತಿದ್ದರು. ಬೂದ ಅವರನ್ನೇ ನೋಡುತ್ತ ಕಾಯಿತು. ಅವರು ತಮ್ಮ ಕಾಲು ನೋಡಿಕೊಂಡರು, ನನ್ನ ಮುಖ ನೋಡಿದರು, ಆಮೇಲೆ ಮೆಲ್ಲಗೆ ನಡೆದು ಎಡಬದಿಗೆ ಬಂದು ನಿಂತರು. ಬೂದ ರಸ್ತೆ ದಾಟಿತು.